ಪ್ರಬೋಧಕನ ಮತಯಾಚನೆ

ಕುದುರೆಯ ಬೆನ್ನನ್ನೇ ಮನೆಯಾಗಿಸಿಕೊಂಡು ಶುಭಸಂದೇಶ ಸಾರಿದ ಅಮೆರಿಕದ ಮೆಥಡಿಸ್ಟ್ ಪ್ರಬೋಧಕರಲ್ಲಿ ಪೀಟರ್ ಕಾರ್ಟ್‌ರೈಟ್ ಪ್ರಸಿದ್ಧರು. 1785ರಲ್ಲಿ ವರ್ಜೀನಿಯದಲ್ಲಿ ಜನಿಸಿ, ಕೆಂಟಕಿಯ ಗಡಿನಾಡಿನಲ್ಲಿ ಬೆಳೆದ ಅವರು 1801ರಲ್ಲಿ, ಹದಿಹರೆಯದಲ್ಲಿಯೇ, ಬಯಲು ಪ್ರಾರ್ಥನಾಕೂಟವೊಂದರಲ್ಲಿ ಮನಪರಿವರ್ತನೆ ಹೊಂದಿದರು. ಕಾಡು ಹೊಳೆಗಳನ್ನು ದಾಟಿ, ಒಂಟಿ ಗುಡಿಸಲುಗಳಲ್ಲಿದ್ದ ವಲಸಿಗರನ್ನು ಅರಸಿ ಹೋಗುತ್ತಿದ್ದ ಇಂಥ ಸಂಚಾರಿ ಪ್ರಬೋಧಕರಿಗೆ 1800ರಲ್ಲಿ ನಿಗದಿಯಾದ ವಾರ್ಷಿಕ ವೇತನ ಕೇವಲ 80 ಡಾಲರ್. ಅದೂ ಪೂರ್ತಿಯಾಗಿ ಕೈಸೇರುವುದು ಅಪರೂಪವಾಗಿತ್ತು.

ಗುಲಾಮಗಿರಿಯನ್ನು ಅವರು ಪಾಪವೆಂದೇ ಭಾವಿಸಿದ್ದರು. ತಮ್ಮ ಮಕ್ಕಳು ಗುಲಾಮರನ್ನಿಟ್ಟುಕೊಂಡ ಕುಟುಂಬಗಳೊಡನೆ ಸಂಬಂಧ ಬೆಳೆಸಬಾರದೆಂಬುದೂ ಒಂದು ಕಾರಣವಾಗಿ 1824ರಲ್ಲಿ ಇಲಿನಾಯ್ ರಾಜ್ಯಕ್ಕೆ ತೆರಳಿದರು. ಅಲ್ಲಿ ಆ ಅನಿಷ್ಟ ಬೇರೂರದಿರಲೆಂದು ರಾಜಕೀಯಕ್ಕಿಳಿದುದಾಗಿ 1856ರ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1832ರಲ್ಲಿ ಅವರು ರಾಜ್ಯ ಶಾಸನಸಭೆಗೆ ಆಯ್ಕೆಯಾದಾಗ ಸೋತವರಲ್ಲಿ ಯುವಕ ಅಬ್ರಹಾಂ ಲಿಂಕನ್ ಒಬ್ಬರು.

ಇಷ್ಟರಮಟ್ಟಿಗಿನ ಅವರ ರಾಜಕೀಯವನ್ನು ನಾವು ತಪ್ಪೆನ್ನಲಾರೆವು. ಆದರೆ 1846ರಲ್ಲಿ ರಾಷ್ಟ್ರದ ಪ್ರತಿನಿಧಿಸಭೆಗೆ ಅವರಿಬ್ಬರೂ ಸ್ಪರ್ಧಿಸಿದಾಗ, ಲಿಂಕನ್ ಕ್ರೈಸ್ತಧರ್ಮವನ್ನು ಅಪಹಾಸ್ಯ ಮಾಡುವವರೆಂಬ ಪಿಸುಮಾತು ಹಬ್ಬಿತು. ಹಬ್ಬಿಸಿದವರು ಕಾರ್ಟ್‌ರೈಟರೇ ಎಂದು ಲಿಂಕನ್ ದೂರಿದರು. ತಾವು ಯಾವ ಸಭೆಯ ಸದಸ್ಯರೂ ಅಲ್ಲ, ಆದರೆ ಪವಿತ್ರ ಗ್ರಂಥದ ಸತ್ಯವನ್ನು ಎಂದೂ ಅಲ್ಲಗಳೆದವರಲ್ಲ ಎಂದು ಅವರು ಕರಪತ್ರ ಹೊರಡಿಸಬೇಕಾಯಿತು. ಮತದಾರರು ಲಿಂಕನ್‌ರನ್ನೇ ಆರಿಸಿದರು.

ಹದಿಮೂರು ವರ್ಷಗಳು ಕಳೆದವು. 1859ರಲ್ಲಿ ಕಾರ್ಟ್‌ರೈಟರ ಮೊಮ್ಮಗ ಕೊಲೆಯ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಂತಾಗ ಅವನ ಪರವಾಗಿ ವಾದಿಸಿದವರು ಅದೇ ಲಿಂಕನ್. ಮರಣಶಯ್ಯೆಯಲ್ಲಿದ್ದ ಗಾಯಾಳು ಆರೋಪಿಯನ್ನು ಕ್ಷಮಿಸಿದ್ದನೆಂದು ವೃದ್ಧ ಅಜ್ಜ ಸಾಕ್ಷಿ ನುಡಿದರು. ಮೊಮ್ಮಗ ನಿರ್ದೋಷಿಯೆಂದು ಬಿಡುಗಡೆ ಹೊಂದಿದ. ಯಾರ ವಿಶ್ವಾಸವನ್ನು ಶಂಕಿಸಲಾಗಿತ್ತೋ ಅವರಿಂದಲೇ ಆ ಮನೆಗೆ ನೆರವು ದೊರೆಯಿತು.

ಇಲ್ಲಿ ನಾವು ವಿವೇಚಿಸಬೇಕಾದುದೊಂದಿದೆ. ಅನ್ಯಾಯದ ವಿರುದ್ಧ ದನಿಯೆತ್ತುವುದು ಬೇರೆ, ಎದುರಾಳಿಯ ವಿಶ್ವಾಸವನ್ನು ಮತಗಳಿಕೆಗಾಗಿ ತೂಗಿನೋಡುವುದು ಬೇರೆ. ಮೊದಲನೆಯದು ಪ್ರವಾದಿಯ ಕರ್ತವ್ಯ. ಎರಡನೆಯದಾದರೋ, ಹೃದಯಗಳನ್ನು ಬಲ್ಲ ದೇವರಿಗೇ ಮೀಸಲಾದ ತೀರ್ಪನ್ನು ಮನುಷ್ಯ ಕೈಗೆತ್ತಿಕೊಳ್ಳುವುದು. ಗುರುಗಳು ರಾಜ್ಯಾಧಿಕಾರದ ಹುದ್ದೆಗಳನ್ನು ವಹಿಸಿಕೊಳ್ಳಬಾರದೆಂದು ನಮ್ಮ ಧರ್ಮಸಭೆಯ 1983ರ ಕಾನೂನು ಸಂಹಿತೆ ವಿಧಿಸಿರುವುದರ ಔಚಿತ್ಯ ಇಂಥ ಪ್ರಸಂಗಗಳಿಂದ ಮನದಟ್ಟಾಗುತ್ತದೆ.

ಆದರೆ ಸಂಹಿತೆಯ ಈ ವಿಧಿ ಸಾಮಾನ್ಯ ಶ್ರೀಸಾಮಾನ್ಯ ವಿಶ್ವಾಸಿಗಳಿಗೆ ಅನ್ವಯಿಸುವುದಿಲ್ಲ. ಚುನಾವಣೆಯ ದಿನಗಳಲ್ಲಿ ‘ಅವನೆಂಥ ವಿಶ್ವಾಸಿ?’ ಎಂದು ಕೇಳಹೊರಡುವ ನಾಲಿಗೆಯನ್ನು ತಡೆಯಬೇಕಾದುದು ನಮ್ಮ ನಮ್ಮ ಮನಸ್ಸಾಕ್ಷಿಯೇ.