ಕುಣಿಯಲಿ, ಆದರೆ ಮರೆಯದಿರಲಿ

ಹಳೆಯ ಕಾಲದ ಉಡುಪು ತೊಟ್ಟು ಹಳೆಯ ಕಾಲದ ಕುಣಿತ ಕುಣಿಯುವವರನ್ನು ಕಂಡು ಮೂಗು ಮುರಿಯುವ ಬುದ್ಧಿವಂತರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇದು ಹೊಟ್ಟೆ ತುಂಬಿದವರ ಹುಚ್ಚಾಟವೆಂದು ಅವರ ತೀರ್ಪು. ಈ ತೀರ್ಪನ್ನು ನಾವು ಒಪ್ಪಲಾರೆವು. ಅನ್ನದ ಮೇಲಿರುವಷ್ಟೇ ಹಕ್ಕು ನಲಿವಿನ ಮೇಲೂ ಮನುಷ್ಯನಿಗಿದೆ. ಆದರೆ ಕುಣಿಯುವವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ಕುಣಿತವನ್ನು ಕಟ್ಟಿದವರು ಯಾರು?

ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನ ಬಳಿ ಟ್ವಿನ್‌ವುಡ್ ಎಂಬ ಯುದ್ಧಕಾಲದ ವಿಮಾನ ನೆಲೆಯಿದೆ. ಅಮೆರಿಕದ ಹೆಸರಾಂತ ವಾದ್ಯಮೇಳದ ನಾಯಕ ಗ್ಲೆನ್ ಮಿಲ್ಲರ್ 1944ರ ಡಿಸೆಂಬರ್ 15ರಂದು ಅಲ್ಲಿಂದ ವಿಮಾನವೇರಿ ಹೊರಟವನು ಮತ್ತೆ ಕಾಣಲಿಲ್ಲ. ಆತನ ನೆನಪಿಗೆ ಅಲ್ಲಿ ಈ ಶತಮಾನದಲ್ಲಿ ಸಂಗೀತೋತ್ಸವಗಳು ನಡೆದವು. ಜನರು 1940ರ ದಶಕದ ಉಡುಪಿನಲ್ಲಿ, ಕೆಲವರು ಸೈನಿಕರ ಸಮವಸ್ತ್ರದಲ್ಲಿಯೇ, ಬಂದು ಸ್ವಿಂಗ್ ಸಂಗೀತಕ್ಕೆ ಲಿಂಡಿ ಹಾಪ್ ಕುಣಿದರು. ಅಪರಿಚಿತರು ಕೈ ಹಿಡಿದು ಹೆಜ್ಜೆ ಹಾಕುವ ಇಂಥ ಕೂಟದಲ್ಲಿ ಸಂತೋಷವಿಲ್ಲವೆನ್ನುವವನು ಅರಸಿಕನೇ ಸರಿ.

ಈ ಲಿಂಡಿ ಹಾಪ್ ಯಾವ ಅರಮನೆಯಲ್ಲಿಯೂ ಹುಟ್ಟಲಿಲ್ಲ. 1920ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಕಪ್ಪು ಜನ ಇದನ್ನು ಕಟ್ಟಿದರು. ಅಲ್ಲಿ 1926ರಲ್ಲಿ ತೆರೆದ ಸವಾಯ್ ನೃತ್ಯಶಾಲೆ ಇದರ ಗರಡಿಮನೆ. ಅದೇ ಹಾರ್ಲೆಮಿನ ಕಾಟನ್ ಕ್ಲಬ್ಬಿನಲ್ಲಿ ವೇದಿಕೆಯ ಮೇಲೆ ಕಪ್ಪು ಕಲಾವಿದರು, ಕುರ್ಚಿಗಳಲ್ಲಿ ಬಿಳಿಯರು ಮಾತ್ರ. ಸವಾಯ್‌ನಲ್ಲಿ ಇಬ್ಬರೂ ಒಂದೇ ನೆಲದ ಮೇಲೆ ಕುಣಿದರು. ಗುರುವಾರ ಮನೆಗೆಲಸದ ಹೆಣ್ಣುಮಕ್ಕಳ ಬಿಡುವಿನ ದಿನ. ವಾರವೆಲ್ಲ ಪರರ ಪಾತ್ರೆ ತಿಕ್ಕಿದ ಕೈಗಳು ಅಂದು ಜೊತೆಗಾರನ ಕೈ ಹಿಡಿಯುತ್ತಿದ್ದವು.

ಆಳುವವರಿಗೆ ಇದು ಸಹಿಸಲಿಲ್ಲ. 1943ರಲ್ಲಿ ಅನೀತಿಯ ಆರೋಪ ಹೊರಿಸಿ ಸವಾಯ್‌ಗೆ ತಿಂಗಳುಗಟ್ಟಲೆ ಬೀಗ ಹಾಕಿಸಿದರು. ಕಪ್ಪು ಬಿಳಿ ಒಟ್ಟಿಗೆ ಕುಣಿದದ್ದೇ ನಿಜವಾದ ಅಪರಾಧವೆಂದು ಹಾರ್ಲೆಮಿನ ಜನ ಬಹಿರಂಗವಾಗಿ ಹೇಳಿದರು. ಕೊನೆಗೆ 1958ರಲ್ಲಿ ಅದು ಮುಚ್ಚಿತು. ವಸತಿ ಕಟ್ಟಡಗಳಿಗಾಗಿ ಅದನ್ನು ಕೆಡವಿದರು.

ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಈ ಕುಣಿತವನ್ನು ಇಂಗ್ಲೆಂಡಿಗೆ ಒಯ್ದರು. ಆದರೆ ಆ ಸೈನ್ಯದಲ್ಲಿ ಕಪ್ಪು ಸೈನಿಕರ ಪಡೆಗಳೇ ಬೇರೆ. ಇಂಗ್ಲೆಂಡಿನ ಊರುಗಳಲ್ಲಿ ಕಪ್ಪು ಸೈನಿಕರಿಗೊಂದು, ಬಿಳಿಯರಿಗೊಂದು ಕುಣಿತದ ರಾತ್ರಿಯನ್ನು ಗೊತ್ತುಮಾಡುತ್ತಿದ್ದರು. ಈ ಭೇದವನ್ನು ಕೊನೆಗಾಣಿಸುವ ಆಜ್ಞೆ ಹೊರಟದ್ದು 1948ರಲ್ಲಿ. ಇಂದು ಉತ್ಸವದಲ್ಲಿ ಆ ಸಮವಸ್ತ್ರದ ಗುಂಡಿಯನ್ನೂ ಬಿಡದೆ ಅನುಕರಿಸುವವರು ಈ ಕಥೆಯನ್ನು ಬಿಟ್ಟರೆ ನ್ಯಾಯವೆ?

ಸವಾಯ್‌ನ ಶ್ರೇಷ್ಠ ನರ್ತಕ ಫ್ರಾಂಕಿ ಮ್ಯಾನಿಂಗ್ ಸ್ವಿಂಗ್ ಕಾಲ ಮುಗಿದ ಮೇಲೆ ಅಂಚೆ ಇಲಾಖೆಯ ನೌಕರನಾಗಿ ದಶಕಗಳ ಕಾಲ ದುಡಿದ. 1980ರ ದಶಕದಲ್ಲಿ ಹೊಸ ತಲೆಮಾರು ಆತನನ್ನು ಹುಡುಕಿಕೊಂಡು ಬಂತು. 2009ರಲ್ಲಿ ತೀರಿಕೊಳ್ಳುವವರೆಗೆ ಆತ ದೇಶದೇಶಗಳಲ್ಲಿ ಕಲಿಸಿದ. ಕಲಿಯಲು ಬಂದವರ ಮೈಬಣ್ಣ ನೋಡಲಿಲ್ಲ.

ಉತ್ಸವ ನಡೆಸುವವರು ಮಾಡಬೇಕಾದುದು ಇಷ್ಟೆ. ಹೆಜ್ಜೆ ಕಲಿಸುವಾಗ ಹಾರ್ಲೆಮಿನ ಹೆಸರು ಹೇಳಲಿ. ಮನೆಗೆಲಸದವಳ ಬಿಡುವಿನ ದಿನ ಬೆಳೆದ ಕುಣಿತಕ್ಕೆ ಮನೆಗೆಲಸದವಳೇ ಬರಲಾಗದಷ್ಟು ಟಿಕೆಟ್ ದರ ಇಡದಿರಲಿ. ಹಳೆಯ ಉಡುಪು ಬರಲಿ, ಹಳೆಯ ಹೆಜ್ಜೆ ಬರಲಿ. ಹಳೆಯ ಬೇಲಿ ಮಾತ್ರ ಯಾವ ರೂಪದಲ್ಲಿಯೂ ಮರಳಿ ಬರಕೂಡದು.