ಆಪ್ತರಲ್ಲದ ಆಪ್ತರು

ಮನಸ್ಸಿನ ಸಂಕಟಕ್ಕೂ ಮದ್ಯವೇ ಮೊದಲಾದ ವ್ಯಸನಗಳಿಗೂ ಮಾತಿನ ದಾರಿಯಿಂದ ಪರಿಹಾರವನ್ನು ಅರಸುವ ವೃತ್ತಿಗೆ ನಮ್ಮಲ್ಲಿ ‘ಆಪ್ತಸಲಹೆ’ ಎಂಬ ಹೆಸರು ನಿಂತುಬಿಟ್ಟಿದೆ. ಹೆಸರು ಕಿವಿಗೆ ಇಂಪಾಗಿದೆ. ಆದರೆ ಕೊಂಚ ನಿಂತು ನೋಡಿದರೆ ಅದರ ಎರಡು ಪದಗಳೂ ಸುಳ್ಳೆಂದು ತೋರುತ್ತವೆ. ಅಲ್ಲಿ ಕುಳಿತಿರುವಾತನು ನಮಗೆ ನೆಂಟನಲ್ಲ, ಸ್ನೇಹಿತನಲ್ಲ, ಓರಗೆಯವನಲ್ಲ. ನಿನ್ನೆಯವರೆಗೆ ನಾವು ಮುಖವನ್ನೂ ಕಂಡಿರದ ಅಪರಿಚಿತ. ತನ್ನ ಕೆಲಸವನ್ನು ಬಲ್ಲವನಾದರೆ ಅವನು ಸಲಹೆ ಕೊಡುವುದೂ ಅಪರೂಪ. ಹಾಗಿದ್ದಲ್ಲಿ, ಆಪ್ತನೂ ಅಲ್ಲದ ಸಲಹೆಯನ್ನೂ ಕೊಡದ ಒಬ್ಬ ಪರಕೀಯನ ಎದುರಿಗೆ, ಶುಲ್ಕ ಕೊಟ್ಟೋ ಸರಕಾರಿ ಆಸ್ಪತ್ರೆಯ ಚೀಟಿ ಹಿಡಿದೋ ಕುಳಿತು, ಕಟ್ಟಿಕೊಂಡವಳಿಗೂ ಒಡಹುಟ್ಟಿದವರಿಗೂ ಹೇಳದ ಮಾತನ್ನು ಮನುಷ್ಯನು ಏತಕ್ಕೆ ಹೇಳಿಕೊಳ್ಳಬೇಕು? ಇದು ಅಪಹಾಸ್ಯದ ಪ್ರಶ್ನೆಯಲ್ಲ. ವಿಚಾರಕ್ಕೆ ಅರ್ಹವಾದ ಪ್ರಶ್ನೆ.

ಹಿಂದಿನವರಿಗೆ ಇಂಥ ವೃತ್ತಿಯೇ ಬೇಕಿರಲಿಲ್ಲ, ಮನೆಯಲ್ಲಿ ಅಜ್ಜಿಯಿದ್ದಳು, ಊರಲ್ಲಿ ಹಿರಿಯರಿದ್ದರು, ಮಠದಲ್ಲಿ ಸ್ವಾಮಿಗಳಿದ್ದರು, ಅವಿಭಕ್ತ ಕುಟುಂಬವೇ ಒಂದು ಚಿಕಿತ್ಸಾಲಯವಾಗಿತ್ತು ಎಂದು ಹೇಳುವವರು ಬಹಳ ಮಂದಿ. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಉಳಿದರ್ಧವನ್ನು ತಿಳಿಯಬೇಕಾದರೆ ಬೀಸುವ ಕಲ್ಲನ್ನು ಕೇಳಬೇಕು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಮೊದಲಾಗಿ ನಮ್ಮ ಹೆಂಗಸರ ಪದಗಳನ್ನು ಓದಿದವರಿಗೆ, ಬೆಳಗಿನ ಜಾವ ರಾಗಿಯನ್ನೋ ಜೋಳವನ್ನೋ ಬೀಸುತ್ತ ಅವರು ತೌರಿನ ನೆನಪನ್ನೂ ಅತ್ತೆಮನೆಯ ಸಂಕಟವನ್ನೂ ಯಾರ ಮುಂದೆ ತೋಡಿಕೊಂಡರೆಂಬುದು ಗೊತ್ತು. ಮನೆ ತುಂಬ ಜನ. ಆದರೆ ಕೇಳುವ ಕಿವಿ ಕಲ್ಲಿನದು. ಏಕೆಂದರೆ ಕಲ್ಲಿಗೆ ಪಕ್ಷವಿರಲಿಲ್ಲ. ಅಜ್ಜಿಗೆ ಮಗನ ಪಕ್ಷ, ಹಿರಿಯರಿಗೆ ಮನೆತನದ ಮಾನದ ಪಕ್ಷ, ತೌರಿನವರಿಗೆ ಕೊಟ್ಟ ಹೆಣ್ಣು ಮರಳಿ ಬಂದಾಳೆಂಬ ಭಯದ ಪಕ್ಷ. ಎಲ್ಲರೂ ಪ್ರೀತಿಸುವವರೇ, ಆದರೆ ಆ ಪ್ರೀತಿಗೆ ತನ್ನದೇ ಆದ ಒಂದೊಂದು ಬೇಡಿಕೆ ಇತ್ತು. ದುಃಖವನ್ನು ಹೇಳಿದರೆ ಅದು ಬರಿಯ ದುಃಖವಾಗಿ ಉಳಿಯದೆ ದೂರಾಗುತ್ತಿತ್ತು. ದೂರಾದ ಕ್ಷಣವೇ ನ್ಯಾಯತೀರ್ಮಾನ ಆರಂಭವಾಗುತ್ತಿತ್ತು.

ಇಲ್ಲಿಯೇ ‘ಆಪ್ತ’ ಎಂಬ ಶಬ್ದದ ಹಳೆಯ ಅರ್ಥವು ನಮ್ಮ ನೆರವಿಗೆ ಬರುತ್ತದೆ. ಬಳಕೆಯಲ್ಲಿ ಆಪ್ತನೆಂದರೆ ಹತ್ತಿರದವನು. ಶಾಸ್ತ್ರದಲ್ಲಿ ಹಾಗಲ್ಲ. ನೈಯಾಯಿಕರು ಆಪ್ತನ ಮಾತನ್ನು ಪ್ರಮಾಣವೆಂದು ಒಪ್ಪಿದಾಗ ಅವರ ಮನಸ್ಸಿನಲ್ಲಿದ್ದದ್ದು ಬಾಂಧವ್ಯವಲ್ಲ, ವಿಶ್ವಾಸಾರ್ಹತೆ. ಚರಕಸಂಹಿತೆಯಂತೂ ರಜಸ್ತಮೋಗುಣಗಳಿಂದ ಬಿಡುಗಡೆ ಹೊಂದಿದವರನ್ನೇ ಆಪ್ತರೆಂದು ಕರೆಯುತ್ತದೆ. ಅಂದರೆ ತನ್ನ ರಾಗದ್ವೇಷಗಳ ಮೋಡವು ಎದುರಿನವನ ಸ್ಥಿತಿಯನ್ನು ಮುಸುಕದಂತೆ ನೋಡಬಲ್ಲವನು ಆಪ್ತ. ಅದೇ ಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯಾಗಿ ವಿಂಗಡಿಸಿ, ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದೆಗೆಯುವುದನ್ನು ಮೂರನೆಯದಾಗಿ ಎಣಿಸಿದೆ. ಮದಾತ್ಯಯಕ್ಕೆ, ಎಂದರೆ ಕುಡಿತದಿಂದುಂಟಾಗುವ ರೋಗಕ್ಕೆ, ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಪುರಾತನರಿಗೆ ಎಲ್ಲವೂ ತಿಳಿದಿತ್ತೆಂದು ಹಿಗ್ಗುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಹತ್ತಿರದವನು, ನಂಬತಕ್ಕವನು ಎಂಬ ಎರಡು ಗುಣಗಳು ಬೇರೆಬೇರೆ ಎಂಬ ವಿವೇಕವು ನಮ್ಮ ಶಬ್ದದಲ್ಲಿಯೇ ಅಡಗಿತ್ತೆಂಬುದಷ್ಟೇ ನನ್ನ ತಾತ್ಪರ್ಯ. ಆಪ್ತಸಲಹೆಗಾರನು ಹತ್ತಿರದವನಲ್ಲ, ಆದದ್ದರಿಂದಲೇ ಅವನು ಆಪ್ತನಾಗಬಲ್ಲನು.

ಇನ್ನು ‘ಸಲಹೆ’ಯ ವಿಚಾರ. ನಮ್ಮ ಮನೆಗೆ ಬಾಗಿಲು ಕಿಟಕಿಗಳ ಕೆಲಸಕ್ಕೆ ಬರುವ ಬಡಗಿಯೊಬ್ಬರುಂಟು. ಕೆಲಸದಲ್ಲಿ ನಿಪುಣರು; ಆದರೆ ಕೆಲವು ವರ್ಷಗಳ ಹಿಂದೆ ಅವರ ಕೈ ಬೆಳಗಿನ ಹೊತ್ತು ಎಷ್ಟು ನಡುಗುತ್ತಿತ್ತೆಂದರೆ, ಹತ್ತಿರದ ಅಂಗಡಿಗೆ ಹೋಗಿ ಒಂದು ‘ನೈಂಟಿ’ ಪ್ಯಾಕೆಟ್ಟು ಹೀರಿ ಬಂದ ಹೊರತು ಉಳಿ ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ. ಕುಡಿಯಬೇಡಿರೆಂದು ನಾನೂ ಹೇಳಿದ್ದೆ. ಹೇಳದವರು ಯಾರೂ ಇರಲಿಲ್ಲ. ಹೆಂಡತಿ ಅತ್ತು ಹೇಳಿದ್ದರು, ಭಾವಮೈದುನ ಹೊಡೆದು ಹೇಳಿದ್ದ, ದೇವರ ಮುಂದೆ ಕರ್ಪೂರ ಮುಟ್ಟಿಸಿ ಆಣೆ ಮಾಡಿಸಿದ್ದೂ ಆಗಿತ್ತು. ಕಡೆಗೆ ಒಂದು ದಿನ ಫಿಟ್ಸ್ ಬಂದು ಆಸ್ಪತ್ರೆ ಸೇರಿ, ಒಂದು ವಾರ ಔಷಧೋಪಚಾರವಾದ ಮೇಲೆ, ಮಂಗಳವಾರ ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಆಪ್ತಸಲಹೆಗಾರ್ತಿಯ ಬಳಿಗೆ ಹೋಗತೊಡಗಿದರು. ಆ ಕೊಠಡಿಯೊಳಗಿನ ಮಾತು ನನಗೆ ತಿಳಿದದ್ದು ಅವರ ಬಾಯಿಂದಲೇ. “ಆ ಮೇಡಮ್ಮೋರು ಮೊದಲನೇ ದಿನ ಏನು ಕೇಳಿದ್ರು ಗೊತ್ತಾ ಸ್ವಾಮಿ? ‘ಕುಡಿತದಿಂದ ನಿಮಗೆ ಆಗೋ ಉಪಯೋಗ ಏನು ಹೇಳಿ ಯಜಮಾನ್ರೇ’ ಅಂದ್ರು. ಗೇಲಿ ಮಾಡ್ತಾರೇನೋ ಅಂದ್ಕೊಂಡೆ. ಗೇಲಿ ಅಲ್ಲ, ಪೆನ್ನು ಹಿಡ್ಕೊಂಡು ಕಾಯ್ತಾ ಕೂತಿದ್ರು. ‘ಕೈ ನಿಲ್ಲುತ್ತೆ’ ಅಂದೆ. ‘ಕೈ ನಡುಗೋಕೆ ಶುರುವಾದ್ದು ಯಾವಾಗಿಂದ’ ಅಂದ್ರು. ಆಮೇಲೆ ನಾನು ಬಹಳ ಹೊತ್ತು ಮಾತಾಡಲಿಲ್ಲ.”

ಆ ಮೌನದಲ್ಲಿ ನಡೆದದ್ದು ನೂರು ಉಪದೇಶಗಳಿಂದ ನಡೆದಿರಲಿಲ್ಲ. ಕಾರಣವನ್ನು ಹುಡುಕುವುದು ಕಷ್ಟವೇನಲ್ಲ. ವ್ಯಸನಿಯ ಅಂತರಂಗದಲ್ಲಿ ಎರಡು ಪಕ್ಷಗಳುಂಟು: ಬಿಡಬೇಕೆನ್ನುವುದು ಒಂದು, ಬಿಡಲಾರೆನೆನ್ನುವುದು ಮತ್ತೊಂದು. ಹೊರಗಿನವರು ಬಂದು ಮೊದಲನೆಯ ಪಕ್ಷವನ್ನು ತಾವೇ ವಹಿಸಿಕೊಂಡು ಘೋರವಾಗಿ ವಾದಿಸತೊಡಗಿದರೆ, ಪಾಪ, ಅವನ ಪಾಲಿಗೆ ಉಳಿಯುವುದು ಎರಡನೆಯ ಪಕ್ಷ ಮಾತ್ರ. ವಾದದ ಧರ್ಮಕ್ಕೆ ಕಟ್ಟುಬಿದ್ದು ಅವನು ತನ್ನ ಕುಡಿತದ ವಕೀಲನಾಗಿಬಿಡುತ್ತಾನೆ. ಅಮೆರಿಕೆಯ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಈ ಸೂಕ್ಷ್ಮವನ್ನು ಹಿಡಿದು, ಬದಲಾವಣೆಯ ಕಾರಣಗಳು ಚಿಕಿತ್ಸಕನ ಬಾಯಿಂದಲ್ಲ, ಕುಡಿಯುವವನ ಬಾಯಿಂದಲೇ ಹೊರಡುವಂತೆ ಸಂಭಾಷಣೆಯನ್ನು ನಡೆಸುವ ಕ್ರಮವೊಂದನ್ನು ರೂಪಿಸಿದನು. ಇಂದು ಲೋಕದ ಅನೇಕ ವ್ಯಸನ ಚಿಕಿತ್ಸಾಲಯಗಳಲ್ಲಿ ಅದು ಬಳಕೆಯಲ್ಲಿದೆ. ಇದಕ್ಕೆ ತದ್ವಿರುದ್ಧವಾದ ಮಾರ್ಗವನ್ನು ನೋಡಬೇಕಾದರೆ ನಮ್ಮ ಬಸ್‌ಸ್ಟ್ಯಾಂಡುಗಳ ಗೋಡೆಗಳನ್ನು ನೋಡಿದರೆ ಸಾಕು: ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂಬ ಜಾಹೀರಾತು. ಗಂಡನ ಸಾರಿನಲ್ಲಿ ಗುಟ್ಟಾಗಿ ಪುಡಿಯನ್ನು ಬೆರೆಸುವ ಈ ಉಪಾಯವು ಅಪಾಯಕರವೂ ಹೌದು. ಮದ್ಯದೊಡನೆ ಸೇರಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತಗಳನ್ನು ಉಂಟುಮಾಡುವ ಡೈಸಲ್ಫಿರಾಮ್‌ನಂಥ ಮಾತ್ರೆಯನ್ನು ವೈದ್ಯರು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದೇ ಕೊಡತಕ್ಕದ್ದು. ಅದಕ್ಕಿಂತಲೂ ಆಳವಾದ ದೋಷವೆಂದರೆ, ಯಾವನ ಸಂಕಲ್ಪಶಕ್ತಿಯು ಮತ್ತೆ ಚಿಗುರಬೇಕಾಗಿದೆಯೋ ಆತನ ಸಂಕಲ್ಪವನ್ನೇ ಅದು ಬದಿಗೆ ಸರಿಸುತ್ತದೆ.

ಬಡಗಿಯ ಕಥೆ ಅಲ್ಲಿಗೇ ಮಂಗಳವಾಗಲಿಲ್ಲ. ಯುಗಾದಿಯ ಮರುದಿನ ಅವರು ಮತ್ತೆ ಕುಡಿದರು. ಮನೆಯಲ್ಲಿ ರಂಪವಾಯಿತು. ನಾಚಿಕೆಯಿಂದ ಎರಡು ವಾರ ಆಸ್ಪತ್ರೆಗೆ ಹೋಗದೆ, ಮೂರನೆಯ ವಾರ ತಲೆ ತಗ್ಗಿಸಿಕೊಂಡು ಹೋದಾಗ ಆಕೆ ಕೇಳಿದ್ದು ಒಂದೇ: “ಎಷ್ಟು ದಿನ ಬಿಟ್ಟಿದ್ರಿ?” “ನಲವತ್ತೊಂದು ದಿನ.” “ನಲವತ್ತೊಂದು ದಿನ ಹೇಗೆ ಬಿಟ್ಟಿದ್ರಿ, ಅದನ್ನ ಹೇಳಿ.” ಆಣೆಗೂ ಆಪ್ತಸಲಹೆಗೂ ಇರುವ ವ್ಯತ್ಯಾಸವು ಈ ಒಂದು ಪ್ರಶ್ನೆಯಲ್ಲಿದೆ. ಆಣೆಯು ಒಮ್ಮೆ ಮುರಿಯಿತೆಂದರೆ ಮುರಿಯಿತು. ಮುರಿದವನು ದೇವರಿಗೂ ತಪ್ಪಿದವನಾಗಿ, ಆ ಅಪರಾಧಭಾರವನ್ನು ಮರೆಯುವುದಕ್ಕಾಗಿ ಮತ್ತೆ ಹೆಂಡದಂಗಡಿಯ ಕಡೆಗೇ ನಡೆಯುತ್ತಾನೆ. ಆಪ್ತಸಲಹೆಯ ಲೆಕ್ಕದಲ್ಲಿ ನಲವತ್ತೊಂದು ದಿನಗಳು ಅಳಿಸಿಹೋಗುವುದಿಲ್ಲ. 1935ರಲ್ಲಿ ಅಮೆರಿಕೆಯ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರುಪೇಟೆಯವನು ಮತ್ತೊಬ್ಬ ಶಸ್ತ್ರವೈದ್ಯ, ಪರಸ್ಪರ ಮಾತಿನಿಂದಲೇ ಕೈಹಿಡಿದುಕೊಂಡು ಆರಂಭಿಸಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬಳಗವೂ, ಇಡೀ ಬಾಳಿಗೆ ಪ್ರತಿಜ್ಞೆ ಮಾಡದೆ ಇಂದಿನ ಒಂದು ದಿನವನ್ನು ಮಾತ್ರ ಕಾಪಾಡಿಕೊಳ್ಳುವ ಈ ಲೆಕ್ಕವನ್ನೇ ನೆಚ್ಚಿದೆ. ಕನ್ನಡನಾಡಿನ ಹಳ್ಳಿಗಳಲ್ಲಿ ನಡೆಯುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳ ನಿಜವಾದ ಪರೀಕ್ಷೆಯೂ ಹಾರತುರಾಯಿಗಳು ಮುಗಿದ ಒಂಬತ್ತನೆಯ ದಿನದಿಂದಲೇ ಆರಂಭವಾಗುತ್ತದೆ.

ಹೀಗೆಂದ ಮಾತ್ರಕ್ಕೆ ಮಾತಿಗೆ ಸರ್ವಶಕ್ತಿಯನ್ನು ಆರೋಪಿಸಲಾಗದು. ನಿತ್ಯವೂ ಹೆಚ್ಚಾಗಿ ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗಾಗಿ ಫಿಟ್ಸ್, ಇಲ್ಲದ್ದು ಕಾಣುವ ಸನ್ನಿ, ಕೆಲವೊಮ್ಮೆ ಪ್ರಾಣಾಪಾಯವೂ ಒದಗಬಹುದು. ಆಗ ಬೇಕಾದದ್ದು ವೈದ್ಯನ ಸೂಜಿಮದ್ದು, ಸಂಭಾಷಣೆಯಲ್ಲ. ತೀವ್ರವಾದ ಖಿನ್ನತೆ, ಚಿತ್ತವಿಕಲತೆಗಳ ಮಾತೂ ಹಾಗೆಯೇ. ತನ್ನ ಎಲ್ಲೆಯನ್ನು ಅರಿತು, ಇದು ನನ್ನ ಕೈಮೀರಿದ್ದೆಂದು ಹೇಳಿ ಕಳುಹಿಸಬಲ್ಲವನೇ ನಂಬತಕ್ಕ ಸಲಹೆಗಾರ. ದುರ್ದೈವವೆಂದರೆ ಕೆಲವೇ ವಾರಗಳ ತರಬೇತಿಯ ಪ್ರಮಾಣಪತ್ರಕ್ಕೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದವರೂ ಅದೇ ಹೆಸರಿನ ಬೋರ್ಡನ್ನು ಬರೆಸುತ್ತಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರ ನೋಂದಣಿಗೆ ಭಾರತೀಯ ಪುನರ್ವಸತಿ ಪರಿಷತ್ತುಂಟು. 2021ರ ಸಂಬದ್ಧ ಆರೋಗ್ಯ ವೃತ್ತಿಗಳ ಕಾಯಿದೆಯು ಉಳಿದವರನ್ನೂ ಒಂದು ಶಿಸ್ತಿಗೆ ಒಳಪಡಿಸಲು ಹೊರಟಿದೆ. ಕಾಯಿದೆಯು ಹಳ್ಳಿಯ ಬೋರ್ಡಿನವರೆಗೆ ಬರುವುದು ತಡವಾದರೂ, ಎಲ್ಲಿ ಓದಿದಿರಿ, ಯಾರ ಕೈಕೆಳಗೆ ಅಭ್ಯಾಸ ಮಾಡಿದಿರಿ, ನಿಮ್ಮಿಂದ ಆಗದಿದ್ದರೆ ಯಾರ ಬಳಿಗೆ ಕಳುಹಿಸುವಿರಿ ಎಂದು ಕೇಳುವುದಕ್ಕೆ ರೋಗಿಗೆ ಯಾವ ಕಾಯಿದೆಯೂ ಬೇಕಾಗಿಲ್ಲ.

ಹಣ ಪಡೆದು ಕೇಳುವ ಕಿವಿಯು ಕಿವಿಯೇ ಅಲ್ಲವೆಂಬ ಆಕ್ಷೇಪಣೆಯೊಂದುಂಟು. ನನಗೆ ಹಾಗೆ ತೋರುವುದಿಲ್ಲ. ನೆಂಟನ ಮುಂದೆ ಬಿಚ್ಚಿಟ್ಟ ಗುಟ್ಟು ಒಂದು ಋಣ. ಮುಂದಿನ ಮದುವೆಮನೆಯಲ್ಲಿಯೋ ಆಸ್ತಿಯ ಪಾಲಿನಲ್ಲಿಯೋ ಅದು ಬಡ್ಡಿಸಹಿತ ಎದ್ದುಬರಬಹುದು. ಸಲಹೆಗಾರನ ಗೋಪ್ಯವು ಅವನ ದಾಕ್ಷಿಣ್ಯವಲ್ಲ, ಕರ್ತವ್ಯ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅದನ್ನು ರೋಗಿಯ ಹಕ್ಕೆಂದೇ ಎಣಿಸಿದೆ. ಶುಲ್ಕವು ಲೆಕ್ಕವನ್ನು ಅಂದಂದಿಗೆ ಚುಕ್ತಾ ಮಾಡುತ್ತದೆ. ಆಕ್ಷೇಪಿಸಬೇಕಾದದ್ದು ಶುಲ್ಕದ ಇರವನ್ನಲ್ಲ, ಅದು ಕಟ್ಟುವ ಗೋಡೆಯನ್ನು. ಬೆಂಗಳೂರಿನ ಖಾಸಗಿ ಕೊಠಡಿಯಲ್ಲಿ ಒಂದು ಗಂಟೆಗೆ ತೆರುವ ಹಣವು ಕೂಲಿಯವನ ಎರಡು ಮೂರು ದಿನಗಳ ದುಡಿಮೆ. ನಿಮ್ಹಾನ್ಸ್ ಸಂಸ್ಥೆಯವರು 12 ರಾಜ್ಯಗಳಲ್ಲಿ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮದ್ಯದ ಸಮಸ್ಯೆಗೆ ಒಳಗಾದವರಲ್ಲಿ ಶೇಕಡಾ 86ರಷ್ಟು ಮಂದಿ ಚಿಕಿತ್ಸೆಯಿಂದ ವಂಚಿತರಾಗಿರುವುದು ಕಂಡುಬಂದಿತು. 2019ರಲ್ಲಿ ಹೊರಬಂದ ಮತ್ತೊಂದು ರಾಷ್ಟ್ರೀಯ ವರದಿಯ ಪ್ರಕಾರ 38 ಮದ್ಯಾವಲಂಬಿಗಳಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು.

ಆದರೂ ಈ ಕ್ಷೇತ್ರದಲ್ಲಿ ಕನ್ನಡನಾಡು ಕೈಕಟ್ಟಿ ಕುಳಿತ ನಾಡಲ್ಲ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ವೈದ್ಯ ರಾಶಿಯವರು ಮನೋರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಶಿವಮೊಗ್ಗದ ಅಶೋಕ ಪೈ ಅವರು ಚಿಕಿತ್ಸಾಲಯದ ವಿಷಯವನ್ನು ಚಲಚ್ಚಿತ್ರದ ತೆರೆಗೆ ತಂದರು, ಸಿ. ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿಯಿತ್ತು ನಿಮ್ಹಾನ್ಸಿನವರು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದೀಚೆಗೆ ಟೆಲಿ ಮಾನಸ್ ಯೋಜನೆಯ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಹೊತ್ತುಗೊತ್ತಿಲ್ಲದೆ ಉಚಿತವಾಗಿ ಸಲಹೆ ದೊರೆಯುತ್ತದೆ.

ಕಡೆಯದಾಗಿ ಒಂದು ಕಹಿಯಾದ ಪ್ರಶ್ನೆ. ಸಾರಾಯಿಯನ್ನು 2007ರಲ್ಲಿ ನಿಷೇಧಿಸಿದ ನಮ್ಮ ರಾಜ್ಯದ ಅಬಕಾರಿ ಆದಾಯವು ಈಚಿನ ವರ್ಷಗಳಲ್ಲಿ 30,000 ಕೋಟಿ ರೂಪಾಯಿಗಳನ್ನು ದಾಟಿದೆ. ಒಂದು ಕೈಯಿಂದ ಮಾರಿ ಮತ್ತೊಂದು ಕೈಯಿಂದ ಕಣ್ಣೊರೆಸುವ ವ್ಯವಸ್ಥೆಯಲ್ಲಿ, ಸಮಾಜದ ಅಪರಾಧವನ್ನೆಲ್ಲ ಒಬ್ಬ ಬಡಗಿಯ ಸಂಕಲ್ಪದೌರ್ಬಲ್ಯವೆಂದು ತೋರಿಸುವ ಸಾಧನವಾಗಿ ಈ ವೃತ್ತಿಯು ಬಳಕೆಯಾಗದೆ? ಆಗಬಹುದು, ಆ ಎಚ್ಚರಿಕೆ ಸದಾ ಇರತಕ್ಕದ್ದು. ಸಾಲಕ್ಕೂ ನಿರುದ್ಯೋಗಕ್ಕೂ ಆಪ್ತಸಲಹೆಯು ಮದ್ದಲ್ಲ. ಆದರೆ ಹೊಳೆಗೆ ಸೇತುವೆ ಕಟ್ಟುವವರೆಗೆ ಅಂಬಿಗನು ಬೇಡವೆನ್ನುವುದು ವಿವೇಕವಲ್ಲ. ಮೇಲಾಗಿ, ತನ್ನ ಕಷ್ಟದಲ್ಲಿ ತನ್ನದೆಷ್ಟು, ಲೋಕದ್ದೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕಾದರೂ ಮನುಷ್ಯನಿಗೆ ನಡುಗದ ಕೈ ಬೇಕು, ತಿಳಿಯಾದ ತಲೆ ಬೇಕು.

ಬೀಸುವ ಕಲ್ಲು ಎಲ್ಲವನ್ನೂ ಕೇಳಿತು, ಯಾರಿಗೂ ಹೇಳಲಿಲ್ಲ. ಆದರೆ ಒಂದು ಪ್ರಶ್ನೆಯನ್ನೂ ಅದು ತಿರುಗಿ ಕೇಳಲಿಲ್ಲ. ಕಲ್ಲಿನ ನಿಷ್ಪಕ್ಷಪಾತವಿದ್ದು, ಪ್ರಶ್ನಿಸುವ ನಾಲಗೆಯೂ ಇರುವವರು ಯಾರೋ ಅವರನ್ನೇ ನಾನು ಆಪ್ತರೆಂದು ಕರೆಯುತ್ತೇನೆ. ನಮ್ಮ ಬಡಗಿಯು ಮೊದಮೊದಲು ಆಸ್ಪತ್ರೆಗೆ ಹೋಗುವಾಗ ಬಿ.ಪಿ. ಮಾತ್ರೆ ತರುವುದಕ್ಕೆಂದು ಓಣಿಯವರೊಡನೆ ಹೇಳುತ್ತಿದ್ದರು. ಕಳೆದ ತಿಂಗಳು ಅಡಿಗೆಮನೆಯ ಕಿಟಕಿಯ ಕೆಲಸಕ್ಕೆ ಕರೆದಾಗ, ಜೊತೆಯ ಆಳುಗಳ ಎದುರಿಗೇ, ಗೆರೆಯ ಮೇಲಿದ್ದ ಉಳಿಯಿಂದ ಕಣ್ಣೆತ್ತದೆ ಹೇಳಿದರು: “ಮಂಗಳವಾರ ಒಂದು ಬಿಟ್ಟು ಯಾವತ್ತಾದ್ರೂ ಬರ್ತೀನಿ ಸ್ವಾಮಿ. ಮಂಗಳವಾರ ಮೇಡಮ್ಮೋರ ಹತ್ರ ಮಾತಾಡೋದಿರುತ್ತೆ.”