ಪುಕ್ಕಟೆ ಸಿಕ್ಕರೆ ಸಾಲದು, ಪ್ರಿಂಟರ್ ಓಡಬೇಕು!

ಎತ್ತು ಇನ್ನೂ ಗಟ್ಟಿಯಾಗಿದೆ, ಉಳುತ್ತಲೂ ಇದೆ. ಆದರೆ ಇನ್ನು ಮುಂದೆ ಲಾಳ ಕಟ್ಟುವುದಿಲ್ಲ ಎಂದು ಲಾಳದವನು ಕೈಯೆತ್ತಿಬಿಟ್ಟರೆ ರೈತ ಏನು ಮಾಡಬೇಕು? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಅಂಗಡಿಗಳಲ್ಲಿ ಬಿಲ್ಲು ಬರೆಯುತ್ತ, ಪಹಣಿ ತೆಗೆಯುತ್ತ ದುಡಿಯುತ್ತಿರುವ ಹಳೆಯ ಕಂಪ್ಯೂಟರುಗಳ ಪಾಡು ಈಗ ಇದೇ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಿಸೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು. 2017ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಹೆಚ್ಚಿನವು ಕಂಪನಿಯ ಪಟ್ಟಿಯಲ್ಲೇ ಇಲ್ಲ. ರಿಪೇರಿಯವರನ್ನು ಕೇಳಿದರೆ ಎರಡೇ ಮಾತು: ‘ಹೊಸದು ತಗೊಳ್ಳಿ ಸ್ವಾಮಿ’, ಇಲ್ಲವೇ ‘ಹೆಂಗೋ ಮಾಡಿ ಹಾಕ್ಕೊಡ್ತೀನಿ ಬಿಡಿ’. ಮೊದಲನೆಯದು ಜೇಬಿಗೆ ಪೆಟ್ಟು, ಎರಡನೆಯದು ಕಳ್ಳಮಾಲು.

ಮೂರನೆಯ ದಾರಿಯೊಂದಿದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್. ಉಬುಂಟು, ಮಿಂಟ್ ಎಂಬ ಹೆಸರುಗಳಲ್ಲಿ ಪುಕ್ಕಟೆ ಸಿಗುತ್ತದೆ. ನಕಲು ಮಾಡಿ ಹಂಚಿದರೂ ತಪ್ಪಿಲ್ಲ. ಹಳೆಯ ಯಂತ್ರದಲ್ಲೂ ಓಡುತ್ತದೆ. ಹಾಗಾದರೆ ಜನ ಯಾಕೆ ಹಾಕಿಸುತ್ತಿಲ್ಲ? ಹಾಕಿಸಿದವರೂ ವಾರದೊಳಗೆ ಯಾಕೆ ತೆಗೆಸುತ್ತಾರೆ?

ಉತ್ತರ ಸರಳ. ಜೆರಾಕ್ಸ್ ಅಂಗಡಿಯವನಿಗೆ ಬೇಕಾದದ್ದು ಸಿದ್ಧಾಂತವಲ್ಲ, ಪ್ರಿಂಟು. ಅಗ್ಗದ ಲೇಸರ್ ಪ್ರಿಂಟರುಗಳಲ್ಲಿ ಅನೇಕಕ್ಕೆ ಸ್ವಂತ ಬುದ್ಧಿ ಇಲ್ಲ. ಅದರ ಬುದ್ಧಿಯೆಲ್ಲ ಕಂಪನಿ ಕೊಡುವ ಡ್ರೈವರ್ ಎಂಬ ತಂತ್ರಾಂಶದಲ್ಲಿರುತ್ತದೆ. ಕಂಪನಿ ವಿಂಡೋಸ್‌ಗೆ ಮಾತ್ರ ಡ್ರೈವರ್ ಕೊಟ್ಟರೆ ಲಿನಕ್ಸ್‌ನಲ್ಲಿ ಪ್ರಿಂಟರ್ ಮೂಕ ಬಸವ. ಹೊರಗೆ ನಾಲ್ಕು ಜನ ಆಧಾರ್ ಪ್ರತಿ ಹಿಡಿದು ನಿಂತಿರುವಾಗ ಯಾರಿಗೆ ತಾಳ್ಮೆ ಇರುತ್ತದೆ?

ವೈಫೈ ಕಥೆ ಇನ್ನೂ ಚೆನ್ನ. ಕೆಲವು ಹಳೆಯ ಲ್ಯಾಪ್‌ಟಾಪುಗಳ ವೈಫೈ ಚಿಪ್ಪಿಗೆ ಬೇಕಾದ ಡ್ರೈವರನ್ನು ಇಂಟರ್‌ನೆಟ್ಟಿನಿಂದ ತರಬೇಕು. ಇಂಟರ್‌ನೆಟ್ಟಿಗೆ ವೈಫೈ ಬೇಕು! ಬಾವಿಗಿಳಿಯಲು ಹಗ್ಗ ಬೇಕು, ಹಗ್ಗ ಬಾವಿಯೊಳಗೇ ಬಿದ್ದಿದೆ. ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ, ಅದರ ಇಂಟರ್‌ನೆಟ್ ಬಳಸಿ ಡ್ರೈವರ್ ಇಳಿಸಿಕೊಂಡರೆ ಕೆಲಸ ಮುಗಿಯಿತು. ಹೇಳಿಕೊಡುವವರಿಲ್ಲ, ಅಷ್ಟೇ.

ಹಾಡು, ಸಿನಿಮಾದ ತೊಡಕು ಬೇರೆ. ಎಂಪಿ3 ಮೇಲಿದ್ದ ಪೇಟೆಂಟ್ ಹಕ್ಕುಗಳ ಪರವಾನಗಿ 2017ರಲ್ಲಿ ಮುಗಿಯಿತು. ವಿಡಿಯೋ ಬಗೆಗಳ ಹಕ್ಕಿನ ರಗಳೆಯಿಂದ ಕೆಲವು ಲಿನಕ್ಸ್‌ಗಳು ಅವನ್ನು ಓಡಿಸುವ ಸಾಮಗ್ರಿಯನ್ನು ಮೊದಲೇ ತುಂಬಿ ಕೊಡುವುದಿಲ್ಲ. ಉಬುಂಟು ಹಾಕುವಾಗ ‘ಹೆಚ್ಚುವರಿ ಮಾಧ್ಯಮ ಬಗೆಗಳು ಬೇಕೇ?’ ಎಂಬ ಚೌಕ ಬರುತ್ತದೆ. ಅದಕ್ಕೆ ಗುರುತು ಹಾಕದೆ ಮುಂದಕ್ಕೆ ಹೋದವರು ಮಗಳ ಮದುವೆ ವಿಡಿಯೋ ಓಡಲಿಲ್ಲವೆಂದು ಲಿನಕ್ಸನ್ನೇ ಬೈಯುತ್ತಾರೆ. ವಿಎಲ್‌ಸಿ ಎಂಬ ಪುಕ್ಕಟೆ ಪ್ಲೇಯರ್ ಹಾಕಿಕೊಂಡರೂ ಬಹುಪಾಲು ಓಡುತ್ತದೆ.

ಕನ್ನಡ? ‘ನುಡಿ’ಯಲ್ಲಿ ಬೆರಳು ಪಳಗಿದವರಿಗೆ ಅದೇ ಕೀಲಿ ಜೋಡಣೆ ಲಿನಕ್ಸ್‌ನಲ್ಲೂ ಉಂಟು. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ಆ ಅಕ್ಷರಶೈಲಿ ಇಲ್ಲದೆ ತೆರೆದರೆ ಗೀಚುಬರಹವಾಗುತ್ತವೆ; ಪರಿವರ್ತಿಸಿಕೊಳ್ಳಬೇಕು. ಟ್ಯಾಲಿಯಲ್ಲಿ ಲೆಕ್ಕ ಇಡುವವರಂತೂ ಆತುರ ಪಡಬಾರದು. ಅದು ವಿಂಡೋಸ್‌ಗೆಂದೇ ಮಾಡಿದ್ದು.

ಆದ್ದರಿಂದ ಅಂಗಡಿ ಯಜಮಾನರು ನೆನಪಿಡಬೇಕಾದ ಮಾತು ಒಂದೇ: ಮೊದಲು ಪರೀಕ್ಷೆ, ಆಮೇಲೆ ಮದುವೆ. ಲಿನಕ್ಸನ್ನು ಪೆನ್‌ಡ್ರೈವಿಗೆ ತುಂಬಿ, ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸದೆಯೇ ಅದರಿಂದಲೇ ಓಡಿಸಿ ನೋಡಬಹುದು. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಪ್ರಿಂಟು ತೆಗೆಯಿರಿ, ವೈಫೈ ಜೋಡಿಸಿ, ಒಂದು ಹಾಡು ಹಾಕಿ, ಕನ್ನಡದಲ್ಲಿ ಎರಡು ಸಾಲು ಹೊಡೆಯಿರಿ. ನಾಲ್ಕೂ ಸರಿಯಿದ್ದರೆ ಕಡತಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಂಡು ಹಾಕಿಸಿ. ಇಲ್ಲದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು, ನಷ್ಟವೇನಿಲ್ಲ.

ಇದು ಆಗದ ಹೋಗದ ಮಾತೂ ಅಲ್ಲ. ನೆರೆಯ ಕೇರಳದಲ್ಲಿ 2001ರಲ್ಲಿ ಹುಟ್ಟಿದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಶಾಲೆಗಳನ್ನು ಲಿನಕ್ಸ್‌ಗೆ ಒಯ್ದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅಲ್ಲಿನ ಮಕ್ಕಳ ತಲೆ ದೊಡ್ಡದೆಂದಲ್ಲ. ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, ಶಾಲೆಗೆ ಬೇಕಾದದ್ದನ್ನೆಲ್ಲ ಮೊದಲೇ ಒಳಗೆ ಸೇರಿಸಿ ಕೊಟ್ಟರು.

ಇಲ್ಲೇನು ಕೊರತೆ? ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವಿಶ್ವವಿದ್ಯಾಲಯವೇ ಇದೆ. ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ಪದವಿ ಕಾಲೇಜುಗಳಿವೆ. ತಿಂಗಳಿಗೊಂದು ಭಾನುವಾರ ಕಾಲೇಜಿನ ಹುಡುಗರು ಪೆನ್‌ಡ್ರೈವ್ ಹಿಡಿದು ಕೂತರೆ, ಯಾವ ಪ್ರಿಂಟರ್ ಓಡುತ್ತದೆ, ಯಾವುದು ಓಡದು ಎಂಬ ಪಟ್ಟಿ ನಾಲ್ಕು ತಿಂಗಳಲ್ಲಿ ತಯಾರಾಗುತ್ತದೆ. ಹೊಸ ಪ್ರಿಂಟರ್ ಮಾರುವವರೂ ‘ಇದು ಲಿನಕ್ಸ್‌ನಲ್ಲಿ ಓಡುತ್ತಾ?’ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಲಿ.

ಪುಕ್ಕಟೆ ಹಸು ಕೊಟ್ಟು ಹುಲ್ಲಿನ ದಾರಿ ತೋರಿಸದಿದ್ದರೆ ಹಾಲು ಎಲ್ಲಿಂದ ಬರಬೇಕು? ಕಾಲೇಜುಗಳ ಪ್ರಾಂಶುಪಾಲರು ಇತ್ತ ಕಣ್ಣು ಹಾಯಿಸುವರೇ?